ಕೇಳುವ ಬಗೆಯಲ್ಲಿದೆ ಅಳತೆ

ಅಮೆರಿಕ ಸರ್ಕಾರ ತನ್ನ ಜನರ ಆರೋಗ್ಯ ಮತ್ತು ಪೌಷ್ಟಿಕತೆಯ ಬಗ್ಗೆ ಬಹುಕಾಲದಿಂದ ಸಮೀಕ್ಷೆ ನಡೆಸುತ್ತಾ ಬಂದಿದೆ. 2001ರಿಂದ 2004ರ ನಡುವೆ ಅದಕ್ಕೆ ಉತ್ತರ ಕೊಟ್ಟ ವಯಸ್ಕ ಹೆಂಗಸರಲ್ಲಿ ಶೇ 49.6ರಷ್ಟು ಮಂದಿ ತಮಗೆ ಮೂತ್ರ ಸೋರುತ್ತದೆ ಎಂದಿದ್ದರು. 2005–06ರ ಸುತ್ತಿನ ಮಾಹಿತಿ ಇಟ್ಟುಕೊಂಡು ಬಂದ ಇನ್ನೊಂದು ವರದಿ ಅದೇ ತೊಂದರೆ ಶೇ 15.7ರಷ್ಟು ಹೆಂಗಸರಲ್ಲಿದೆ ಎಂದಿತು. ಒಂದೆರಡು ವರ್ಷದಲ್ಲಿ ಅಲ್ಲಿನ ಹೆಂಗಸರ ಕಾಯಿಲೆಯೇನೂ ವಾಸಿಯಾಗಿರಲಿಲ್ಲ. ಮೊದಲ ಲೆಕ್ಕ ಯಾವಾಗಲೋ ನಾಲ್ಕು ಹನಿ ಸೋರಿದವರನ್ನೂ ಸೇರಿಸಿಕೊಂಡಿತ್ತು. ಎರಡನೆಯದು ಎಷ್ಟು ಸಲ ಸೋರುತ್ತದೆ, ಎಷ್ಟು ಸೋರುತ್ತದೆ ಎಂಬ ಎರಡು ಉತ್ತರಗಳನ್ನು ಗುಣಿಸಿ, ಮಧ್ಯಮ ಮತ್ತು ತೀವ್ರ ತೊಂದರೆ ಇರುವವರನ್ನು ಮಾತ್ರ ಎಣಿಸಿತ್ತು.

ಎರಡೂ ಲೆಕ್ಕ ಸರಿಯೇ. ಆದರೆ ಸುದ್ದಿಯಲ್ಲಿ ಬರುವಾಗ ಇಂಥ ಅಂಕಿಗಳ ಹಿಂದಿನ ಪ್ರಶ್ನೆ ಬಿದ್ದುಹೋಗುತ್ತದೆ, ಶೇಕಡಾವಾರು ಮಾತ್ರ ಉಳಿಯುತ್ತದೆ. ಜಗತ್ತಿನ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟರೆ ಹೆಂಗಸರಲ್ಲಿ ಮೂತ್ರ ಸೋರಿಕೆಯ ಪ್ರಮಾಣ ಶೇ 5ರಿಂದ ಶೇ 70ರವರೆಗೂ ಚಾಚಿಕೊಳ್ಳುತ್ತದೆ. ಹೆಚ್ಚಿನವು ಶೇ 25ರಿಂದ 45ರ ನಡುವೆ ನಿಲ್ಲುತ್ತವೆ. ಇಷ್ಟು ಅಗಲದ ಅಂತರ ಕಂಡಾಗ ‘ಹೆಂಗಸರನ್ನು ಕೇಳಿ ತಿಳಿಯುವ ವಿಧಾನವೇ ಸಡಿಲ, ಯಂತ್ರದಲ್ಲಿ ಅಳೆದರೆ ಮಾತ್ರ ನಿಜ’ ಎನ್ನುವವರು ವೈದ್ಯರಲ್ಲೂ ಇದ್ದಾರೆ. ಆ ತೀರ್ಮಾನ ತಪ್ಪು. ಚೆನ್ನಾಗಿ ರೂಪಿಸಿದ ನಾಲ್ಕು ಪ್ರಶ್ನೆಗಳು ಈ ಕಾಯಿಲೆಯ ಮುಖ್ಯ ಭಾಗವನ್ನು ಯಂತ್ರಕ್ಕಿಂತ ಚೆನ್ನಾಗಿ ಹಿಡಿಯುತ್ತವೆ. ಅವು ಎಲ್ಲಿ ಎಡವುತ್ತವೆ ಎಂಬುದೂ ಈಗಾಗಲೇ ಪರೀಕ್ಷೆಯಾಗಿ ಗೊತ್ತಿದೆ. ನಮ್ಮ ಊರುಗಳಲ್ಲಿ ಆಗಿರುವ ದೊಡ್ಡ ತಪ್ಪು ಬೇರೆ: ಆ ಪ್ರಶ್ನೆಗಳನ್ನು ಯಾರೂ ಕೇಳುತ್ತಲೇ ಇಲ್ಲ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಮೂತ್ರ ಹೊರಬೀಳುವುದು ಒಂದು ಬಗೆ. ಇದಕ್ಕೆ ಒತ್ತಡದ ಸೋರಿಕೆ ಎನ್ನಬಹುದು. ಹೆರಿಗೆಯಲ್ಲಿ ಸಡಿಲಗೊಂಡ ಶ್ರೋಣಿಯ ತಳದ ಸ್ನಾಯುಗಳು, ಮೂತ್ರನಾಳದ ಆಧಾರ ಕುಗ್ಗುವುದು, ಹೆಚ್ಚಿದ ಮೈತೂಕ ಇದಕ್ಕೆ ಮುಖ್ಯ ಕಾರಣಗಳು. ಒಂದಕ್ಕೆ ಹೋಗಬೇಕು ಅನ್ನಿಸಿದ ಕ್ಷಣಕ್ಕೇ ತಡೆಯಲಾಗದೆ, ಬಚ್ಚಲು ತಲುಪುವ ಮೊದಲೇ ಬಟ್ಟೆ ಒದ್ದೆಯಾಗುವುದು ಇನ್ನೊಂದು ಬಗೆ. ಇದು ಅವಸರದ ಸೋರಿಕೆ. ಎರಡೂ ಸೇರಿಕೊಂಡರೆ ಮಿಶ್ರ. ಈ ಮೂರನ್ನೂ ಬಿಟ್ಟು, ಹಗಲು ರಾತ್ರಿ ಎಡೆಬಿಡದೆ ಹರಿಯುವ ಸೋರಿಕೆ ಇದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಬಿದ್ದಿರಬಹುದು. ಅದೇ ಫಿಸ್ಟುಲಾ, ಅದರ ಚಿಕಿತ್ಸೆಯ ದಾರಿಯೇ ಬೇರೆ.

ಈ ಕಾಯಿಲೆಗೆ ಕೊಡುವ ವ್ಯಾಖ್ಯೆಯೇ ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಬದಲಾಯಿತು. ಅಂತರರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿಯ ಹಳೆಯ ವ್ಯಾಖ್ಯೆಯ ಪ್ರಕಾರ ಸೋರಿಕೆ ಸಾಮಾಜಿಕ ಅಥವಾ ಶುಚಿತ್ವದ ಸಮಸ್ಯೆ ಆಗಿರಬೇಕಿತ್ತು, ಜೊತೆಗೆ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣಬೇಕಿತ್ತು. ವೈದ್ಯರ ಎದುರು ಸೋರದಿದ್ದರೆ ಕಾಯಿಲೆ ಇಲ್ಲವೆಂದೇ ಲೆಕ್ಕ. 2002ರಲ್ಲಿ ಸೊಸೈಟಿ ಅದನ್ನು ತಿದ್ದಿತು. ತನ್ನ ಹಿಡಿತ ಮೀರಿ ಮೂತ್ರ ಸೋರುತ್ತದೆ ಎಂದು ವ್ಯಕ್ತಿ ಹೇಳಿಕೊಂಡರೆ ಅಷ್ಟು ಸಾಕು, ಅದೇ ಮೂತ್ರ ಸೋರಿಕೆ. ಅಂದಿನಿಂದ ಹೆಂಗಸಿನ ಮಾತಿಗೆ ರೋಗನಿರ್ಣಯದಲ್ಲಿ ಅಧಿಕೃತ ಜಾಗ ಸಿಕ್ಕಿತು. ಕೇಳುವ ಪ್ರಶ್ನೆ ಹೇಗಿರಬೇಕು ಎಂಬುದು ಗಂಭೀರ ವಿಷಯವಾಗಿದ್ದೂ ಇದರಿಂದಲೇ.

ಇಂದು ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡ ಐಸಿಐಕ್ಯೂ ಕಿರುರೂಪ. 2004ರಲ್ಲಿ ಪ್ರಕಟವಾಯಿತು. ಕಳೆದ ನಾಲ್ಕು ವಾರಗಳನ್ನು ನೆನಪಿಸಿಕೊಂಡು ಉತ್ತರಿಸಬೇಕು: ಎಷ್ಟು ಸಲ ಸೋರುತ್ತದೆ, ಸಾಮಾನ್ಯವಾಗಿ ಎಷ್ಟು ಸೋರುತ್ತದೆ, ಇದರಿಂದ ದಿನನಿತ್ಯದ ಬದುಕಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಡ್ಡಿ. ಮೂರೂ ಕೂಡಿದರೆ ಗರಿಷ್ಠ 21 ಅಂಕ. ಯಾವ ಯಾವ ಸಂದರ್ಭದಲ್ಲಿ ಸೋರುತ್ತದೆ ಎಂಬ ನಾಲ್ಕನೆಯ ಪ್ರಶ್ನೆಗೆ ಅಂಕವಿಲ್ಲ. ಬಗೆ ಯಾವುದೆಂದು ತಿಳಿಯಲು ಅದು ನೆರವಾಗುತ್ತದೆ. ಗಮನಿಸಬೇಕಾದ ಅಂಶವೆಂದರೆ 21ರಲ್ಲಿ 10 ಅಂಕ, ಅಂದರೆ ಹೆಚ್ಚುಕಡಿಮೆ ಅರ್ಧ, ಹೋಗುವುದು ಬದುಕಿಗೆ ಆಗುವ ಅಡ್ಡಿಗೆ. ಸೋರಿದ ಮೂತ್ರ ಕೆಲವೇ ಹನಿ ಇದ್ದರೂ ಅದರಿಂದ ಕೆಲಸ ಬಿಟ್ಟ ಹೆಂಗಸು ಇಲ್ಲಿ ಹೆಚ್ಚಿನ ಅಂಕ ಪಡೆಯುತ್ತಾಳೆ. ಹಾಗೇ ಇರಬೇಕು ಕೂಡ.

ಮಾತಿನ ಅಳತೆ ಗ್ರಾಂ ಅಳತೆಗೆ ಹೊಂದುತ್ತದೆಯೇ? ನಾರ್ವೆಯ ವೈದ್ಯ ಹೋಗ್ನೆ ಸಾಂಡ್ವಿಕ್ ಮತ್ತು ಸಂಗಡಿಗರು 1993ರಲ್ಲಿ ಇದನ್ನೇ ನೋಡಿದರು. ಎಷ್ಟು ಸಲ ಎಂಬುದಕ್ಕೆ ಒಂದರಿಂದ ನಾಲ್ಕು, ಹನಿಯೋ ಹೆಚ್ಚೋ ಎಂಬುದಕ್ಕೆ ಒಂದು ಅಥವಾ ಎರಡು ಅಂಕ. ಎರಡನ್ನೂ ಗುಣಿಸಿದರೆ ತೀವ್ರತೆಯ ಸೂಚ್ಯಂಕ. ಆಮೇಲೆ ಹೆಂಗಸರು ಬಳಸಿದ ಪ್ಯಾಡ್‌ಗಳನ್ನು ತೂಕ ಹಾಕಿ ಹೋಲಿಸಿದರು. ಉತ್ತರದಲ್ಲಿ ‘ಅಲ್ಪ’ ಎಂದು ಬಂದವರಲ್ಲಿ ದಿನಕ್ಕೆ ಸರಾಸರಿ ಸುಮಾರು 6 ಗ್ರಾಂ, ‘ಮಧ್ಯಮ’ದವರಲ್ಲಿ 17 ಗ್ರಾಂ, ‘ತೀವ್ರ’ದವರಲ್ಲಿ 56 ಗ್ರಾಂ ಮೂತ್ರ ಸೋರಿತ್ತು. ಎರಡೇ ಪ್ರಶ್ನೆಗಳು ಮೂರು ಗುಂಪುಗಳನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದ್ದು ಸಣ್ಣ ಸಾಧನೆಯಲ್ಲ. ಇದೇ ಸೂಚ್ಯಂಕವನ್ನು ನಾರ್ವೆಯ ನೂರ್–ಟ್ರೊಂಡೆಲಾಗ್ ಪ್ರಾಂತ್ಯದ ಸುಮಾರು 28 ಸಾವಿರ ಹೆಂಗಸರಿಗೆ ಅನ್ವಯಿಸಿದಾಗ ಶೇ 25ರಷ್ಟು ಮಂದಿಗೆ ಸೋರಿಕೆ ಇದ್ದರೂ ಗಣನೀಯ ತೊಂದರೆ ಇದ್ದದ್ದು ಸುಮಾರು ಶೇ 7 ಮಂದಿಗೆ ಎಂದು ತಿಳಿಯಿತು. ಆರೋಗ್ಯ ಇಲಾಖೆಗೆ ಬೇಕಾಗಿರುವುದು ಈ ಎರಡನೆಯ ಅಂಕಿ. ಎಷ್ಟು ಜನರಿಗೆ ಚಿಕಿತ್ಸೆಯ ಏರ್ಪಾಡು ಮಾಡಬೇಕು ಎಂಬ ಲೆಕ್ಕ ಅದರಿಂದಲೇ ಹುಟ್ಟುತ್ತದೆ.

ತೀವ್ರತೆ ಅಳೆಯುವಷ್ಟು ಚೆನ್ನಾಗಿ ಪ್ರಶ್ನಾವಳಿಗಳು ಸೋರಿಕೆಯ ಬಗೆಯನ್ನು ಹೇಳಲಾರವು. ಅಮೆರಿಕದಲ್ಲಿ 2006ರಲ್ಲಿ ಮೂರು ಪ್ರಶ್ನೆಗಳ ಒಂದು ಚೀಟಿಯನ್ನು 301 ಹೆಂಗಸರ ಮೇಲೆ ಪ್ರಯೋಗಿಸಿ, ತಜ್ಞರ ವಿವರವಾದ ತಪಾಸಣೆಯ ಜೊತೆ ಹೋಲಿಸಿದರು. ಅವಸರದ ಸೋರಿಕೆ ಇರುವ ನೂರು ಮಂದಿಯಲ್ಲಿ 75 ಮಂದಿಯನ್ನು ಚೀಟಿ ಸರಿಯಾಗಿ ಗುರುತಿಸಿತು. ಅದು ಇಲ್ಲದ ನೂರರಲ್ಲಿ 23 ಮಂದಿಗೆ ಇದೆಯೆಂದಿತು. ಒತ್ತಡದ ಸೋರಿಕೆಯಲ್ಲಿ ನೂರಕ್ಕೆ 86 ಮಂದಿ ಸಿಕ್ಕರು, ಆದರೆ ಇಲ್ಲದ ನೂರರಲ್ಲಿ 40 ಮಂದಿಗೆ ತಪ್ಪಾಗಿ ಆ ಹಣೆಪಟ್ಟಿ ಬಿತ್ತು.

ನಾರ್ವೆಯ ಇನ್ನೊಂದು ಅಧ್ಯಯನ ಇದೇ ದೌರ್ಬಲ್ಯವನ್ನು ಮತ್ತೊಂದು ಕಡೆಯಿಂದ ತೋರಿಸಿತು. ಹೆಂಗಸರ ಉತ್ತರದಂತೆ ಶೇ 51 ಮಂದಿಗೆ ಒತ್ತಡದ ಸೋರಿಕೆ, ಶೇ 39 ಮಂದಿಗೆ ಮಿಶ್ರ. ತಜ್ಞರ ಅಂತಿಮ ನಿರ್ಣಯದ ಆಧಾರದಲ್ಲಿ ಲೆಕ್ಕ ತಿದ್ದಿದಾಗ ಒತ್ತಡದ್ದು ಶೇ 77ಕ್ಕೆ ಏರಿತು, ಮಿಶ್ರದ್ದು ಶೇ 11ಕ್ಕೆ ಇಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಕೆಮ್ಮಿದಾಗ ಸೋರುವ ಹೆಂಗಸು ಮುನ್ನೆಚ್ಚರಿಕೆಗೆಂದು ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತಾಳೆ, ಅವಸರವೂ ಇದೆ ಎನ್ನುತ್ತಾಳೆ. ಎರಡೂ ಕಡೆ ‘ಹೌದು’ ಎಂದರೆ ಕಾಗದದ ಮೇಲೆ ಅದು ಮಿಶ್ರವಾಗುತ್ತದೆ.

ಹಾಗಾದರೆ ಪ್ರಶ್ನೆ ಬಿಟ್ಟು ಯಂತ್ರಕ್ಕೆ ಹೋಗಬೇಕೇ? ಮೂತ್ರಕೋಶವನ್ನು ನಂಬಲಾಗದ ಸಾಕ್ಷಿ ಎಂದು ಕರೆಯುವ ರೂಢಿ ಈ ವೈದ್ಯಶಾಖೆಯಲ್ಲಿ 1970ರಿಂದ ಇದೆ. ರೋಗಲಕ್ಷಣ ಒಂದು ಹೇಳಿದರೆ ಒಳಗಿನ ಕಾರಣ ಇನ್ನೊಂದಿರುತ್ತದೆ ಎಂಬುದು ಅದರ ಅರ್ಥ. ಆದರೆ ಯಂತ್ರದ ಸಾಕ್ಷ್ಯವೂ ಅಷ್ಟೇನೂ ಗಟ್ಟಿಯಲ್ಲ. ಯೂರೋಡೈನಮಿಕ್ಸ್ ಪರೀಕ್ಷೆಯಲ್ಲಿ ಮೂತ್ರಕೋಶಕ್ಕೆ ನಳಿಗೆ ತೂರಿಸಿ, ನೀರು ತುಂಬಿಸಿ, ಅಪರಿಚಿತರ ಮುಂದೆ ಕೆಮ್ಮಲು ಹೇಳುತ್ತಾರೆ. ಮನೆಯಲ್ಲಿ ದಿನಾ ಸೋರುವವಳಿಗೆ ಅಲ್ಲಿ ಸೋರದೇ ಇರಬಹುದು. ಒಂದು ಗಂಟೆಯ ಪ್ಯಾಡ್ ಪರೀಕ್ಷೆಯಲ್ಲಿ ಅರ್ಧ ಲೀಟರ್ ನೀರು ಕುಡಿಸಿ, ನಡೆಸಿ, ಕೂರಿಸಿ, ಏಳಿಸಿ ಪ್ಯಾಡ್ ತೂಗುತ್ತಾರೆ. ಅದೇ ಹೆಂಗಸಿಗೆ ಬೇರೆ ದಿನ ಅದೇ ಪರೀಕ್ಷೆ ಮಾಡಿದರೆ ತೂಕ ಬೇರೆಯೇ ಬರುತ್ತದೆ.

ಇದಕ್ಕೆ ದೊಡ್ಡ ಪುರಾವೆ 2012ರಲ್ಲಿ ಬಂತು. ಅಮೆರಿಕದಲ್ಲಿ ಒತ್ತಡದ ಸೋರಿಕೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿದ್ದ, ಬೇರೆ ತೊಡಕಿಲ್ಲದ 630 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೂರೋಡೈನಮಿಕ್ಸ್ ಸಹಿತ ಪೂರ್ಣ ಪರೀಕ್ಷೆ. ಇನ್ನೊಂದಕ್ಕೆ ಕ್ಲಿನಿಕ್ಕಿನಲ್ಲೇ ಮುಗಿಯುವ ಸರಳ ತಪಾಸಣೆ: ಲಕ್ಷಣ ಕೇಳುವುದು, ಕೆಮ್ಮಿಸಿ ನೋಡುವುದು, ಮೂತ್ರ ಮಾಡಿದ ಮೇಲೆ ಒಳಗೆಷ್ಟು ಉಳಿದಿದೆ ಎಂದು ಅಳೆಯುವುದು, ಮೂತ್ರ ಪರೀಕ್ಷೆ. ಒಂದು ವರ್ಷದ ನಂತರ ಚಿಕಿತ್ಸೆ ಫಲಿಸಿದವರು ಮೊದಲ ಗುಂಪಿನಲ್ಲಿ ಶೇ 76.9, ಎರಡನೆಯದರಲ್ಲಿ ಶೇ 77.2. ಚೆನ್ನಾಗಿ ಕೇಳಿ, ಕೈಯಾರೆ ತಪಾಸಣೆ ಮಾಡುವುದರಿಂದ ಕೈತಪ್ಪಿದ್ದೇನೂ ಇರಲಿಲ್ಲ.

ಆದ್ದರಿಂದ ಪ್ರಶ್ನಾವಳಿಯ ಜಾಗ ಎಲ್ಲಿ ಎಂಬುದು ಗೊಂದಲದ ವಿಷಯವಲ್ಲ. ತೊಂದರೆ ಇದೆಯೇ, ಎಷ್ಟಿದೆ, ಚಿಕಿತ್ಸೆಯಿಂದ ಕಡಿಮೆಯಾಯಿತೇ ಎಂದು ತಿಳಿಯಲು ಅದನ್ನು ಧೈರ್ಯವಾಗಿ ನಂಬಬಹುದು. ಯಾವ ಬಗೆ ಎಂದು ಸ್ಥೂಲವಾಗಿ ತಿಳಿದು ವ್ಯಾಯಾಮ, ಮೂತ್ರಕೋಶದ ತರಬೇತಿ, ತೂಕ ಇಳಿಸುವುದು ಮುಂತಾದ ಹಾನಿಯಿಲ್ಲದ ಚಿಕಿತ್ಸೆ ಶುರು ಮಾಡಲೂ ಅಡ್ಡಿಯಿಲ್ಲ. ಬಗೆ ತಪ್ಪಾಗಿದ್ದರೂ ಇವುಗಳಿಂದ ಕೆಡುಕಿಲ್ಲ. ಆದರೆ ಬರೀ ಚೀಟಿಯ ಅಂಕ ನೋಡಿ ಶಸ್ತ್ರಚಿಕಿತ್ಸೆಗೆ ಬರೆದುಕೊಡುವ ಹಾಗಿಲ್ಲ. ಮೂತ್ರದಲ್ಲಿ ರಕ್ತ, ನೋವು, ಎಡೆಬಿಡದ ಸೋರಿಕೆ, ಕಾಲು ಜೋಮು, ಮೂತ್ರ ಕಟ್ಟಿದಂತಾಗುವುದು ಇದ್ದರೆ ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸಿ ತಜ್ಞರ ಬಳಿ ಕಳಿಸಬೇಕು.

ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದೇಶಗಳಲ್ಲಿ ಕೇಳಿದಾಗಲೂ ಉತ್ತರ ಒಂದೇ ಆಗಿರುವುದಿಲ್ಲ. ಫ್ರಾನ್ಸ್, ಜರ್ಮನಿ, ಬ್ರಿಟನ್, ಸ್ಪೇನ್ ದೇಶಗಳಲ್ಲಿ ಅಂಚೆಯ ಮೂಲಕ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಗೆ 17 ಸಾವಿರ ಹೆಂಗಸರು ಉತ್ತರಿಸಿದರು. ಕಳೆದ 30 ದಿನಗಳಲ್ಲಿ ಸೋರಿಕೆ ಆಗಿದೆ ಎಂದವರು ಮೊದಲ ಮೂರು ದೇಶಗಳಲ್ಲಿ ಶೇ 41ರಿಂದ 44, ಸ್ಪೇನಿನಲ್ಲಿ ಶೇ 23 ಮಾತ್ರ. ಸ್ಪೇನಿನ ಹೆಂಗಸರ ದೇಹರಚನೆ ಬೇರೆಯಲ್ಲ. ಬಂದ ಅಂಕಿಯಲ್ಲಿ ಕಾಯಿಲೆಯ ಜೊತೆಗೆ ಹೇಳಿಕೊಳ್ಳುವ ಮನಸ್ಸೂ ಸೇರಿರುತ್ತದೆ. ಅದೇ ಸಮೀಕ್ಷೆಯಲ್ಲಿ ವೈದ್ಯರ ಬಳಿ ಈ ಮಾತೆತ್ತಿದ್ದವರು ಸ್ಪೇನಿನಲ್ಲಿ ಶೇ 24, ಬ್ರಿಟನ್ನಿನಲ್ಲಿ ಶೇ 25, ಫ್ರಾನ್ಸಿನಲ್ಲಿ ಶೇ 33, ಜರ್ಮನಿಯಲ್ಲಿ ಶೇ 40. ಚಿಕಿತ್ಸೆ ಮನೆಬಾಗಿಲಲ್ಲೇ ಇರುವ ದೇಶಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹೆಂಗಸರು ಸುಮ್ಮನಿದ್ದರು ಎಂದಾಯಿತು. ‘ವೈದ್ಯರು ನಿಮಗೆ ಈ ಕಾಯಿಲೆ ಇದೆ ಎಂದಿದ್ದಾರೆಯೇ’ ಎಂದು ಕೇಳುವ ಸಮೀಕ್ಷೆಗಳು ಇಂಥವರನ್ನೆಲ್ಲ ಆರೋಗ್ಯವಂತರ ಪಟ್ಟಿಗೆ ಸೇರಿಸಿಬಿಡುತ್ತವೆ.

ಭಾರತದಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ಅಧ್ಯಯನ ಲಖನೌದ್ದು, 2013ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ಬಂದ 3,000 ಹೆಂಗಸರನ್ನು ಕೇಳಿದಾಗ ಶೇ 21.8 ಮಂದಿಗೆ ಸೋರಿಕೆ ಇತ್ತು. ಅವರಲ್ಲಿ ಶೇ 73.8 ಮಂದಿಗೆ ಒತ್ತಡದ ಸೋರಿಕೆ. ಆಸ್ಪತ್ರೆಯ ಮೆಟ್ಟಿಲು ಹತ್ತಿದವರ ಲೆಕ್ಕ ಇದು. ಗದ್ದೆ ನಾಟಿಗೆ ಹೋಗುವವರು, ಬೀಡಿ ಕಟ್ಟುವವರು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂರುವವರು ಇದರೊಳಗೆ ಎಷ್ಟು ಮಂದಿ ಬಂದಾರು? ಅವರ ಬದುಕಿಗೆ ಹೊಂದುವ ಪ್ರಶ್ನೆಗಳೂ ಬೇರೆಯೇ ಬೇಕು.

ಪಶ್ಚಿಮದ ಪ್ರಶ್ನಾವಳಿಗಳನ್ನು ಹಾಗೇ ಎತ್ತಿ ತಂದರೆ ಎಲ್ಲಿ ಹಿಡಿತ ತಪ್ಪುತ್ತದೆ ಎಂದು ನೋಡಿ. ಸೋರಿಕೆಯ ಪರಿಣಾಮ ಅಳೆಯುವ ಒಂದು ಪ್ರಸಿದ್ಧ ಕಿರುಪಟ್ಟಿ ಈಜು, ಸಿನಿಮಾ, ಅರ್ಧ ಗಂಟೆಗಿಂತ ದೂರದ ಕಾರು ಅಥವಾ ಬಸ್ಸಿನ ಪ್ರಯಾಣದ ಬಗ್ಗೆ ಕೇಳುತ್ತದೆ. ಬಸ್ಸು ನಮಗೂ ಹೊಂದುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಮೊದಲು ಮಧ್ಯಾಹ್ನದಿಂದಲೇ ನೀರು ಬಿಡುವ ಹೆಂಗಸರಿದ್ದಾರೆ. ಈಜು ಹೊಂದುವುದಿಲ್ಲ. ಅದರ ಜಾಗದಲ್ಲಿ ತುಂಬಿದ ಕೊಡ ಎತ್ತುವುದು, ಹುಲ್ಲಿನ ಹೊರೆ ಹೊರುವುದು, ಕುಕ್ಕರುಗಾಲಲ್ಲಿ ಕೂತು ಬಟ್ಟೆ ಒಗೆಯುವುದು ಬರಬೇಕು. ಮಡಿ ಕೆಟ್ಟಿತೆಂದು ದೇವರ ಕೋಣೆಯಿಂದ ದೂರ ಉಳಿಯುವ ಅಜ್ಜಿಯನ್ನೂ, ಹನಿ ಬಿದ್ದಾಗಲೆಲ್ಲ ಮತ್ತೆ ವುಜೂ ಮಾಡಿ ನಮಾಜಿಗೆ ನಿಲ್ಲಬೇಕಾದ ತಾಯಿಯನ್ನೂ ಈ ಪಟ್ಟಿ ಮುಟ್ಟುವುದಿಲ್ಲ. ‘ದಿನಕ್ಕೆ ಎಷ್ಟು ಪ್ಯಾಡ್’ ಎಂಬ ಪ್ರಶ್ನೆ ಹಳೆ ಸೀರೆಯ ಬಟ್ಟೆ ಮಡಿಸಿಟ್ಟುಕೊಳ್ಳುವವರಲ್ಲಿ ‘ಸೊನ್ನೆ’ ಎಂಬ ಉತ್ತರ ತರುತ್ತದೆ. ಅಲ್ಲಿ ಅಳತೆಯಾಗಿದ್ದು ಅವಳ ಕೈಯಲ್ಲಿರುವ ದುಡ್ಡು, ಅವಳ ತೊಂದರೆಯಲ್ಲ.

ಅಂಕ ಕೊಡುವ ಕ್ರಮವೂ ಹೀಗೇ. ‘ಸೊನ್ನೆಯಿಂದ ಹತ್ತರಲ್ಲಿ ಎಷ್ಟು’ ಎಂದರೆ ಶಾಲೆ ಕಾಣದ ಅಜ್ಜಿಗೆ ತೊಡಕಾಗಬಹುದು. ಅದೇ ಅಜ್ಜಿ ಮಂಡಿನೋವಿನ ಬಗ್ಗೆ ‘ರೂಪಾಯಿಗೆ ಎಂಟಾಣೆ ವಾಸಿ’ ಎಂದು ನಿಖರವಾಗಿ ಹೇಳುತ್ತಾಳೆ. ಅಳೆದು ಹೇಳುವ ಶಕ್ತಿ ಜನರಲ್ಲಿದೆ, ಅಳತೆಗೋಲು ಅವರದ್ದಾಗಿರಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡುವ ಕ್ರಮವಷ್ಟೇ ಇದಕ್ಕೆ ಸಾಲದು. ಪ್ರಶ್ನೆ ಕೇಳಿಸಿಕೊಂಡ ಹೆಂಗಸಿಗೆ ಏನು ಅರ್ಥವಾಯಿತು ಎಂದು ಅವಳ ಮಾತಿನಲ್ಲೇ ಹೇಳಿಸಿ ನೋಡಬೇಕು. ಕಲಬುರಗಿಯಲ್ಲಿ ಹಾಗೆ ನೋಡಿದ್ದು ಉಡುಪಿಗೂ ಚಾಮರಾಜನಗರಕ್ಕೂ ಹೊಂದುತ್ತದೆಯೇ ಎಂದು ಮತ್ತೆ ಪರೀಕ್ಷಿಸಬೇಕು. ‘ಬಟ್ಟೆ ಒದ್ದೆಯಾಗುತ್ತದೆಯೇ’ ಎಂದಷ್ಟೇ ಕೇಳಿದರೆ ಬಿಳುಪು ಹೋಗುವವರೂ ಹೌದು ಎನ್ನುತ್ತಾರೆ. ‘ಮೂತ್ರದ ತೊಂದರೆ ಇದೆಯೇ’ ಎಂದರೆ ಉರಿಮೂತ್ರದವರು ಕೈ ಎತ್ತುತ್ತಾರೆ, ಕೆಮ್ಮಿದಾಗ ಸೋರುವವರು ಇದು ಎಲ್ಲರಿಗೂ ಇರುವುದೇ ಎಂದು ಸುಮ್ಮನಾಗುತ್ತಾರೆ.

ಇನ್ನೂ ಸೂಕ್ಷ್ಮವಾದ ತಪ್ಪೊಂದಿದೆ. ಸೋರಿಕೆಗೆ ಹೊಂದಿಕೊಂಡು ಬದುಕುವವರಲ್ಲಿ ಸೋರಿಕೆ ಕಡಿಮೆ ಕಾಣುತ್ತದೆ. ನೀರು ಕುಡಿಯುವುದನ್ನು ಅರ್ಧಕ್ಕಿಳಿಸಿದವಳು, ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟವಳು, ಭಾರದ ಕೆಲಸ ಸೊಸೆಗೆ ಒಪ್ಪಿಸಿದವಳು ‘ವಾರಕ್ಕೊಮ್ಮೆ, ನಾಲ್ಕು ಹನಿ’ ಎಂದು ಸತ್ಯವನ್ನೇ ಹೇಳುತ್ತಾಳೆ. ಅಂಕ ಕಡಿಮೆ ಬರುತ್ತದೆ, ‘ಅಲ್ಪ’ ಎಂದು ದಾಖಲಾಗುತ್ತದೆ. 1997ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಕಿಂಗ್ಸ್ ಆರೋಗ್ಯ ಪ್ರಶ್ನಾವಳಿ ಇದನ್ನು ಹಿಡಿಯಲು ಯತ್ನಿಸಿತು. ಒಣಗಿರಲೆಂದು ಪ್ಯಾಡ್ ಹಾಕಿಕೊಳ್ಳುತ್ತೀರಾ, ಕುಡಿಯುವ ನೀರಿನ ಮೇಲೆ ಹತೋಟಿ ಇಡುತ್ತೀರಾ, ಒಳ ಉಡುಪು ಬದಲಿಸಬೇಕಾಗುತ್ತದೆಯೇ, ವಾಸನೆ ಬಂದೀತೆಂಬ ಚಿಂತೆ ಇದೆಯೇ ಎಂದು ಅದು ಕೇಳುತ್ತದೆ. ಕನ್ನಡದ ಯಾವ ಪ್ರಶ್ನಾವಳಿಯಲ್ಲೂ ‘ಇದರಿಂದಾಗಿ ಏನೇನು ಬಿಟ್ಟಿದ್ದೀರಿ’ ಎಂಬ ಪ್ರಶ್ನೆ ಇರಲೇಬೇಕು.

ಪ್ರಶ್ನೆ ತಪ್ಪಿ ಹೆಚ್ಚು ಎಣಿಸುವ ಅಪಾಯವೂ ಇದೆ. ಫಿಸ್ಟುಲಾ ಇದಕ್ಕೆ ಒಳ್ಳೆಯ ಉದಾಹರಣೆ. ಹಲವು ದೇಶಗಳ ಜನಸಂಖ್ಯಾ ಆರೋಗ್ಯ ಸಮೀಕ್ಷೆಗಳಲ್ಲಿ, ಯೋನಿಯಿಂದ ಹಗಲು ರಾತ್ರಿ ನಿರಂತರವಾಗಿ ಮೂತ್ರ ಅಥವಾ ಮಲ ಸೋರಿದೆಯೇ ಎಂದು ಕೇಳುವ ಭಾಗವಿದೆ. ನಿಜವಾದ ಫಿಸ್ಟುಲಾ ಸಾವಿರದಲ್ಲಿ ಕೆಲವರಿಗೆ ಮಾತ್ರ. ಸಾವಿರ ಹೆಂಗಸರಲ್ಲಿ ಮೂವರಿಗೆ ಅದು ಇದ್ದು, ಉಳಿದವರಲ್ಲಿ ನೂರಕ್ಕೆ ಒಬ್ಬರು ತಪ್ಪು ತಿಳಿದು ಹೌದು ಎಂದರೂ ಮೂರು ನಿಜದ ಪಕ್ಕದಲ್ಲಿ ಹತ್ತು ಸುಳ್ಳು ‘ಹೌದು’ ನಿಲ್ಲುತ್ತವೆ. 2015ರಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ 19 ಆಫ್ರಿಕನ್ ದೇಶಗಳ ಮಾಹಿತಿ ಒಟ್ಟು ಮಾಡಿದ ಸಂಶೋಧಕರು ಈ ದೋಷವನ್ನು ಲೆಕ್ಕಕ್ಕೆ ತೆಗೆದುಕೊಂಡು ತಿದ್ದಿದರು. ಬದುಕಿನಲ್ಲಿ ಯಾವಾಗಲಾದರೂ ಫಿಸ್ಟುಲಾ ಲಕ್ಷಣ ಕಂಡವರು ಸಾವಿರಕ್ಕೆ ಸುಮಾರು 3 ಎಂದು ಅಂದಾಜಿಸಿದರು. ಅಪರೂಪದ ಕಾಯಿಲೆಯಲ್ಲಿ ‘ಹೌದು’ ಎಂದ ಪ್ರತಿಯೊಬ್ಬರನ್ನೂ ತಪಾಸಣೆ ಮಾಡಲೇಬೇಕು. ಪ್ರಶ್ನೆಯೊಂದೇ ಅಲ್ಲಿ ಸಾಲದು.

ಕೇಳದೇ ಬಿಟ್ಟದ್ದರಿಂದ ಏನಾಗುತ್ತದೆ ಎಂಬುದನ್ನು ಬ್ರಿಟನ್ ದುಬಾರಿ ಬೆಲೆ ತೆತ್ತು ಕಲಿಯಿತು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಒತ್ತಡದ ಸೋರಿಕೆಗೆ ಮೂತ್ರನಾಳದ ಕೆಳಗೆ ಪ್ಲಾಸ್ಟಿಕ್ ಜಾಲರಿಯ ಪಟ್ಟಿ ಇಡುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಬಹಳ ಹೆಂಗಸರಿಗೆ ಅದರಿಂದ ಸೋರಿಕೆ ನಿಂತಿತು, ವಿಧಾನ ಲೋಕವೆಲ್ಲ ಹರಡಿತು. ಆದರೆ ಕೆಲವರಲ್ಲಿ ಜಾಲರಿ ಒಳಗೆ ಕೊರೆಯತೊಡಗಿತು. ತೀರದ ನೋವು, ದಾಂಪತ್ಯದಲ್ಲಿ ಅಸಾಧ್ಯ ಯಾತನೆ, ನಡೆಯಲೂ ಕಷ್ಟ. ಶಸ್ತ್ರಚಿಕಿತ್ಸೆಯ ಯಶಸ್ಸಿಗೆ ಮುಖ್ಯ ಅಳತೆ ‘ಸೋರಿಕೆ ನಿಂತಿತೇ’ ಎಂಬುದಾಗಿದ್ದರಿಂದ ಇವರಲ್ಲಿ ಎಷ್ಟೋ ಮಂದಿ ಯಶಸ್ವಿ ಪಟ್ಟಿಯಲ್ಲೇ ಇದ್ದರು. 2018ರ ಜುಲೈನಲ್ಲಿ ಇಂಗ್ಲೆಂಡ್ ಈ ಜಾಲರಿಯ ಬಳಕೆಗೆ ತಡೆ ಹಾಕಿತು. ಬ್ಯಾರನೆಸ್ ಜೂಲಿಯಾ ಕಂಬರ್‌ಲೆಜ್ ನೇತೃತ್ವದ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿ, ಹೆಂಗಸರು ವರ್ಷಗಟ್ಟಲೆ ಹೇಳಿದ್ದನ್ನು ಆರೋಗ್ಯ ವ್ಯವಸ್ಥೆ ತಳ್ಳಿಹಾಕಿತು ಎಂದೂ, ಎಷ್ಟು ಮಂದಿಗೆ ಹಾನಿಯಾಗಿದೆ ಎಂದು ತಿಳಿಸುವ ದಾಖಲೆಯೇ ಇಲ್ಲ ಎಂದೂ ಸ್ಪಷ್ಟವಾಗಿ ಬರೆಯಿತು. ಚಿಕಿತ್ಸೆಯ ಬಳಿಕ ಕೇಳುವ ಪಟ್ಟಿಯಲ್ಲಿ ನೋವು, ದಾಂಪತ್ಯ, ಹೊಸ ತೊಂದರೆಗಳ ಬಗ್ಗೆ ಪ್ರಶ್ನೆ ಇಲ್ಲದಿದ್ದರೆ ಅಂಕ ಎಷ್ಟೇ ಚೆನ್ನಾಗಿ ಬಂದರೂ ಅದು ಅರ್ಧ ಸತ್ಯ.

ಇಷ್ಟೆಲ್ಲ ಕೇಳಿ ಏನು ಪ್ರಯೋಜನ ಎನ್ನುವವರಿಗೂ ಉತ್ತರವಿದೆ. ಶ್ರೋಣಿಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಅರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಚಾರಕ್ಕೆ ತಂದರು. ಇದಕ್ಕೆ ಔಷಧಿಯ ಖರ್ಚಿಲ್ಲ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. 2018ರ ಕಾಕ್ರನ್ ಪರಿಶೀಲನೆ 31 ಪ್ರಯೋಗಗಳನ್ನು, 1,817 ಹೆಂಗಸರ ಮಾಹಿತಿಯನ್ನು ತೂಗಿ ನೋಡಿತು. ಒತ್ತಡದ ಸೋರಿಕೆ ಇದ್ದವರಲ್ಲಿ ವ್ಯಾಯಾಮ ಮಾಡಿದವರ ಪೈಕಿ ಶೇ 56 ಮಂದಿ ವಾಸಿಯಾಯಿತು ಎಂದರು; ಮಾಡದವರಲ್ಲಿ ಹಾಗೆಂದವರು ಶೇ 6. ವಾಸಿಯಾಯಿತು ಎಂದು ಗೊತ್ತಾಗಿದ್ದೂ ಅವರನ್ನು ಕೇಳಿದ್ದರಿಂದ. ಎಷ್ಟು ಅಂಕ ಇಳಿದರೆ ಹೆಂಗಸಿಗೆ ನಿಜಕ್ಕೂ ವ್ಯತ್ಯಾಸ ಅನ್ನಿಸುತ್ತದೆ ಎಂಬುದನ್ನೂ ಸ್ವೀಡನ್ನಿನ ಸಂಶೋಧಕರು ಹುಡುಕಿದ್ದಾರೆ: ಐಸಿಐಕ್ಯೂ ಕಿರುರೂಪದಲ್ಲಿ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಗೆ ಸುಮಾರು ಎರಡೂವರೆ ಅಂಕ. ಇಷ್ಟು ಹದಗೊಂಡ ಸಾಧನ ಕೈಯಲ್ಲಿದ್ದೂ ಬಳಸದಿರುವುದಕ್ಕೆ ಸಮರ್ಥನೆಯಿಲ್ಲ.

ಅಮೆರಿಕದಲ್ಲಿ ಮಹಿಳೆಯರ ರೋಗತಡೆ ಸೇವೆಗಳ ತಜ್ಞ ಸಮಿತಿ 2018ರಲ್ಲಿ, ಪ್ರತಿ ವರ್ಷ ಹೆಂಗಸರನ್ನು ಮೂತ್ರ ಸೋರಿಕೆಯ ಬಗ್ಗೆ ಕೇಳಬೇಕೆಂದು ಶಿಫಾರಸು ಮಾಡಿತು. ಕರ್ನಾಟಕಕ್ಕೆ ಇದಕ್ಕಾಗಿ ಹೊಸ ಯೋಜನೆಯನ್ನೇ ಕಟ್ಟಬೇಕಿಲ್ಲ. ನಲವತ್ತು ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರು ಇಲ್ಲಿ ಮನೆ ಮನೆಗೆ ಹೋಗುತ್ತಾರೆ. ಮೂವತ್ತು ದಾಟಿದವರಿಗೆ ಅವರು ತುಂಬುವ ಪಟ್ಟಿಯಲ್ಲಿ ಹೆಂಗಸರ ಎದೆಯ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ದುರ್ವಾಸನೆಯ ಸ್ರಾವದ ಪ್ರಶ್ನೆಗಳು ಈಗಾಗಲೇ ಇವೆ. ಅದಕ್ಕೆ ಒಂದು ಪ್ರಶ್ನೆ ಸೇರಿಸಬೇಕು. ‘ಬಹಳ ಹೆಂಗಸರಿಗೆ ಕೆಮ್ಮಿದಾಗಲೋ, ಅವಸರವಾದಾಗಲೋ ತಡೆಯಲಾಗದೆ ಮೂತ್ರ ಹೋಗುತ್ತದೆ. ನಿಮಗೂ ಹೀಗಾಗುತ್ತದೆಯೇ?’ ಎಂದು ಶುರು ಮಾಡಿದರೆ ಸಂಕೋಚ ಅರ್ಧ ಕರಗುತ್ತದೆ. ಅತ್ತೆ, ಗಂಡ, ನೆರೆಯವರು ಸುತ್ತ ನಿಂತಿರುವಾಗ ಕೇಳಬಾರದು. ಹೌದು ಎಂದವರಿಗೆ ಎಷ್ಟು ಸಲ, ಎಷ್ಟು, ಇದರಿಂದ ಏನು ಬಿಟ್ಟಿದ್ದೀರಿ ಎಂಬ ಮೂರು ಪ್ರಶ್ನೆ ಮುಂದುವರಿಯಬೇಕು. ಈ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಗೌರವಧನ ಎರಡೂ ಸಿಗಬೇಕು. ವ್ಯಾಯಾಮವನ್ನು ಸರಿಯಾಗಿ ಕಲಿಸಬಲ್ಲ ಫಿಸಿಯೋಥೆರಪಿಸ್ಟ್ ಅಥವಾ ತರಬೇತಾದ ನರ್ಸ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರದ ಗೊತ್ತಾದ ದಿನ ಸಿಗುವಂತಿರಬೇಕು. ಚಿಕಿತ್ಸೆಯ ದಾರಿ ತೋರಿಸದೆ ಪ್ರಶ್ನೆ ಕೇಳಿ ಬರುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ಶುರು ಮಾಡಲು ಬಾಣಂತಿಯರೇ ಸರಿ. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಹೋಗಬೇಕೆಂಬ ನಿಯಮವಿದೆ. ಮಗುವಿನ ಲಸಿಕೆಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ತಾಯಿ ತಾನೇ ಕೇಂದ್ರಕ್ಕೆ ಬರುತ್ತಾಳೆ. 42ನೆಯ ದಿನದ ಭೇಟಿಯಲ್ಲಿ ಒಮ್ಮೆ, 14ನೆಯ ವಾರದ ಲಸಿಕೆಯ ದಿನ ಇನ್ನೊಮ್ಮೆ ಈ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯುವಂತೆ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಲಿ. ವರ್ಷ ಕಳೆಯುವುದರೊಳಗೆ ರಾಜ್ಯದಲ್ಲಿ ಹೆರಿಗೆಯಾದ ಹೆಂಗಸರಲ್ಲಿ ಎಷ್ಟು ಮಂದಿಗೆ ಈ ತೊಂದರೆ ಇದೆ, ವ್ಯಾಯಾಮ ಕಲಿತವರಲ್ಲಿ ಎಷ್ಟು ಅಂಕ ಇಳಿಯಿತು ಎಂಬ ಲೆಕ್ಕ ಜಿಲ್ಲಾವಾರು ಸಿಗುತ್ತದೆ. ಲಖನೌದ ಅಂಕಿಯನ್ನೋ ನಾರ್ವೆಯ ಅಂಕಿಯನ್ನೋ ಎರವಲು ತರದೆ, ಯಾವ ತಾಲ್ಲೂಕಿಗೆ ಎಷ್ಟು ಫಿಸಿಯೋಥೆರಪಿಸ್ಟ್‌ಗಳು ಬೇಕೆಂದು ಆ ಲೆಕ್ಕದಿಂದಲೇ ತೀರ್ಮಾನಿಸಬಹುದು.